ಹೊಸಿಲು ತೊಳೆಯುವ ಭಾನುವಾರ

ನಾನು ಅನುಮಾನದ ಹೆಂಗಸು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹುಣಸೆಹಣ್ಣಿನ ಮಂಡಿಯಲ್ಲಿ ನನ್ನ ಕೆಲಸವೇ ಅದು. ಚೀಲದ ಬಾಯಲ್ಲಿ ಹೊಳೆಯುವ ಹಣ್ಣಿಟ್ಟು ತಳದಲ್ಲಿ ಕಲ್ಲು, ಬೀಜ, ಹೋದ ವರ್ಷದ ಕಪ್ಪು ಹಣ್ಣು ತುಂಬಿ ತರುವವರಿರುತ್ತಾರೆ. ನಾನು ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ಮೇಲಕ್ಕೆ ತರುತ್ತೇನೆ. ಮನೆಗೆ ಬಂದ ಮೇಲೂ ಆ ಬುದ್ಧಿ ಸುಮ್ಮನಿರುವುದಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ. ಪಕ್ಕದ ಮನೆಯವಳು ಪಲ್ಯ ಕೊಟ್ಟರೆ ಏನೋ ಕೇಳಲು ಬರುತ್ತಾಳೆ ಎಂದು ಕಾಯುತ್ತೇನೆ, ಬರುತ್ತಾಳೆ ಕೂಡ. ನನ್ನ ಗಂಡ ತಿಪ್ಪೇರುದ್ರ ಹೊಲಿಗೆ ಮಿಷಿನ್ನು ರಿಪೇರಿ ಮಾಡುವವನು. "ಹಾಲಮ್ಮ, ನಿಂಗೆ ದೇವ್ರೇ ಬಂದು ಪ್ರಸಾದ ಕೊಟ್ರೂ ಮೂಸಿ ನೋಡ್ತೀಯ" ಅನ್ನುತ್ತಿದ್ದ. ಮೂಸಿ ನೋಡುವುದರಲ್ಲಿ ತಪ್ಪೇನಿದೆಯೋ ನನಗಿನ್ನೂ ಗೊತ್ತಾಗಿಲ್ಲ.

ನಾನು ಅನುಮಾನಿಸದೆ ಬಿಟ್ಟದ್ದು ಒಂದನ್ನೇ, ನಮ್ಮೂರಿನ ಬಾಗಿಲುಗಳನ್ನು. ಮಂಡಿಗೆ, ಅಂಗಡಿಗೆ ಬೀಗ ಉಂಟು. ಮನೆಗಳಿಗೆ ಇಲ್ಲ. ಮನೆಯವರು ಮೆಟ್ಟಿಲ ಹತ್ತಿರ ಬಂದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬೇರೆಯವರಿಗೆ ತೆರೆಯುವುದಿಲ್ಲ, ಅವರು ಹೊರಗೆ ನಿಂತು ಕೂಗಬೇಕು. ಮುಚ್ಚುವುದು ಮಾತ್ರ ನಮ್ಮ ಕೆಲಸ. ಮದುವೆಯಾಗಿ ಬಂದ ಸೊಸೆಗೆ ಕೆಲವು ಮನೆಗಳಲ್ಲಿ ವಾರಕ್ಕೇ ತೆರೆಯುತ್ತದೆ, ಕೆಲವು ಕಡೆ ವರ್ಷವಾಗುತ್ತದೆ. ನನಗೆ ಬಹಳ ತಡವಾಯಿತು. ಕೊಡ ಸೊಂಟದ ಮೇಲಿಟ್ಟುಕೊಂಡು "ಅತ್ತೇ, ಅತ್ತೇ" ಎಂದು ಕೂಗಿ ಸಾಕಾಗಿದ್ದ ಒಂದು ಮಧ್ಯಾಹ್ನ ಎಡಗಡೆಯ ಕದ ತೆರೆಯಿತು. ಒಂದು ಉಸಿರಿನಷ್ಟು ಹೊತ್ತು ಏನೋ ಯೋಚಿಸುವಂತೆ ನಿಂತು ಆಮೇಲೆ ಬಲಗಡೆಯದೂ ತೆರೆಯಿತು. ಅವತ್ತು ಅತ್ತೆ ಪಾಯಸ ಮಾಡಿದರು. ಇವತ್ತಿಗೂ ನಮ್ಮ ಬಾಗಿಲು ಹಾಗೇ ತೆರೆಯುವುದು, ಎಡ, ಒಂದು ಉಸಿರು, ಬಲ. ಜೈಲಿಗೆ ಹೋಗಿ ಬಂದ ಒಬ್ಬನಿಗೆ ಬಾಗಿಲು ತೆರೆದದ್ದೇ ತಡ, ಬೀದಿಯವರೆಲ್ಲ ಅವನನ್ನು ಮಾತಾಡಿಸಿದ್ದರು. ಬಾಗಿಲೇ ಒಪ್ಪಿದ ಮೇಲೆ ನಾವು ಯಾರು? ಪ್ರತಿ ಬಾಗಿಲಿಗೂ ಒಳಗಡೆ ಕಬ್ಬಿಣದ ಅಗುಳಿಯೊಂದು ಇರುತ್ತದೆ, ಹಿಂದಿನಿಂದ ಬಂದದ್ದು ಎಂದು ಬಡಗಿಗಳು ಈಗಲೂ ಹಾಕುತ್ತಾರೆ. ಯಾರೂ ಅದನ್ನು ಎಳೆಯುವುದಿಲ್ಲ. ತುಕ್ಕು ತಿಂದು ಕೂತಿರುತ್ತದೆ. ನಮ್ಮನೆಯದಕ್ಕೆ ನಾನು ಕೈ ಒರೆಸುವ ಬಟ್ಟೆ ನೇತುಹಾಕುತ್ತಿದ್ದೆ.

ಮನೆಯವರೊಬ್ಬರು ಮೂರು ಸಲ ಬಂದು ನಿಂತರೂ ಬಾಗಿಲು ತೆರೆಯದಿದ್ದರೆ ಊರಿನ ಹೊಸಿಲು ತೊಳೆಸುವ ಹೊಸಿಲಜ್ಜನಿಗೆ ಹೇಳಿ ಕಳಿಸುತ್ತಾರೆ. ಅಜ್ಜ ಅರಿಶಿನದ ನೀರು ತರುತ್ತಾನೆ. ಬಾಗಿಲು ಹಾಕಿರಬೇಕು, ಗಂಡ ಒಳಗಿರಬೇಕು, ಮನೆಯ ಹೆಂಗಸು ಹೊರಗೆ ನಿಂತು ತನ್ನ ಕೈಯಾರೆ ಹೊಸಿಲಿಗೆ ನೀರು ಸುರಿಯಬೇಕು. ಅಲ್ಲಿಗೆ ಆ ಮನುಷ್ಯನಿಗೂ ಆ ಮನೆಗೂ ಋಣ ಹರಿಯಿತು. ಆಮೇಲೆ ಅವರಿಗೆ ಆ ಬಾಗಿಲು ಯಾವತ್ತೂ ತೆರೆದದ್ದಿಲ್ಲ. ಆ ನೀರು ಸುರಿಯುವ ಸರದಿ ನನಗೂ ಬಂತು, ಅದೂ ಹೆತ್ತ ಮಗುವಿನ ಹೆಸರಲ್ಲಿ.

ನಮಗೆ ಒಂದೇ ಮಗು. ಹುಟ್ಟಿದಾಗ ಗಂಡು ಎಂದರು, ನಾವೂ ಹಾಗೇ ಹೆಸರಿಟ್ಟೆವು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳು ಬೇಡ ಅಂದಿದ್ದಾಳೆ. ಕ್ಯಾಮೆರಾ ಕೆಲಸ ಕಲಿಯುತ್ತೇನೆ ಎಂದು ಹೊಳೆಯಾಚೆಯ ಊರಿಗೆ ಹೋದವಳು ಒಂದು ದಿನ ಫೋನು ಮಾಡಿ, "ಅಮ್ಮ, ನಾನು ಹುಡುಗಿ. ಮೊದ್ಲಿಂದ್ಲೂ ಹುಡುಗೀನೇ. ಈಗ ಇಂಚರ ಅಂತ ಹೆಸರಿಟ್ಕೊಂಡಿದೀನಿ" ಅಂದಳು. ನಾನು ಮೊದಲು ಫೋನನ್ನೇ ಅನುಮಾನಿಸಿದೆ. ಯಾರೋ ಧ್ವನಿ ಬದಲಿಸಿ ಆಟ ಆಡಿಸುತ್ತಿದ್ದಾರೆ ಎಂದು ಇಟ್ಟುಬಿಟ್ಟೆ. ತಿಪ್ಪೇರುದ್ರ ಅವತ್ತು ಊಟ ಮಾಡಲಿಲ್ಲ. ನಾನು ಮಾಡಿದೆ, ಆದರೆ ಏನು ತಿಂದೆನೋ ಗೊತ್ತಿಲ್ಲ.

ಮಾಘ ಕಳೆದ ಮೇಲೆ ಅವಳು ಊರಿಗೆ ಬಂದಳು. ನಾನು ಮಂಡಿಯಲ್ಲಿದ್ದೆ. ತಿಪ್ಪೇರುದ್ರ ಅಲ್ಲಿಗೇ ಬಂದು, ತಲೆ ಎತ್ತದೆ, "ಬಂದಿದ್ದ. ಸೀರೆ ಉಟ್ಕೊಂಡು ಬಂದಿದ್ದ. ಬಾಗಿಲು ತೆರೀಲಿಲ್ಲ ಹಾಲಮ್ಮ" ಅಂದ. ನನ್ನ ಕೈ ಚೀಲದೊಳಗೇ ಇತ್ತು. ಹೊರಗೆ ತೆಗೆಯಲು ಮರೆತು ಹಾಗೇ ನಿಂತೆ. ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು. "ಅಮ್ಮ, ತೆರೀತು ಕಣಮ್ಮ. ನಾನು ಮೆಟ್ಟಿಲು ಹತ್ತೋಕೆ ಮುಂಚೇನೇ ತೆರೀತು. ಅಪ್ಪ ಹಾಕ್ಕೊಂಡ್ರು." ಬಾಗಿಲು ಒಲ್ಲದವರೆಲ್ಲ ಹೇಳುವುದು ಇದನ್ನೇ. ಗಾಳಿಗೆ ಮುಚ್ಚಿತು, ಅತ್ತಿಗೆ ತಡೆದಳು, ಹೀಗೇ ಏನಾದರೊಂದು. ನಾನು ನಂಬಲಿಲ್ಲ. ಎರಡನೆಯ ಸಲವೂ ನಾನಿಲ್ಲದಾಗಲೇ ಬಂದಳು, ಮೂರನೆಯ ಸಲವೂ ಅಷ್ಟೆ. ನನ್ನ ಮುಖ ನೋಡಲು ಧೈರ್ಯವಿಲ್ಲ, ಅದಕ್ಕೇ ಹೊತ್ತು ನೋಡಿ ಬರುತ್ತಾಳೆ, ಇದರಲ್ಲಿ ಏನೋ ಮೋಸವಿದೆ ಎಂದುಕೊಂಡೆ. ಮೋಸವೇನೋ ಇತ್ತು. ನಾನು ಬೇರೆ ಚೀಲಕ್ಕೆ ಕೈ ಹಾಕಿದ್ದೆ.

ಆ ದಿನಗಳಲ್ಲೇ ಒಂದು ಬೆಳಗ್ಗೆ ಒದ್ದೆ ಕೈ ಒರೆಸಲು ಹೋದವಳಿಗೆ ಅಗುಳಿಯ ಮೇಲೆ ಬಟ್ಟೆ ಕಾಣಲಿಲ್ಲ. ಬಟ್ಟೆ ಗೋಡೆಯ ಮೊಳೆಯ ಮೇಲಿತ್ತು. ಅಗುಳಿಯ ತುಕ್ಕು ಹೋಗಿ ಕಬ್ಬಿಣ ಕಪ್ಪಗೆ ಮಿರುಗುತ್ತಿತ್ತು. ಬೆರಳಿಟ್ಟು ಮೂಸಿದೆ, ಹೊಲಿಗೆ ಮಿಷಿನ್ನಿನ ಎಣ್ಣೆ. "ಇದೇನಿದು?" ಎಂದರೆ ತಿಪ್ಪೇರುದ್ರ ತಟ್ಟೆಯಿಂದ ಕಣ್ಣು ತೆಗೆಯದೆ, "ಇರುವೆ ಸಾಲು ಹತ್ತಿತ್ತು, ಎಣ್ಣೆ ಬಿಟ್ಟೆ" ಅಂದ. ಹಾಲಿನವನನ್ನೂ ಪಲ್ಯದವಳನ್ನೂ ಬಿಡದ ನಾನು ಇರುವೆಯ ಮಾತನ್ನು ನುಂಗಿಕೊಂಡೆ. ಅಗುಳಿ ಎಂಬುದು ಎಳೆಯುವ ವಸ್ತು ಎಂದು ನಮ್ಮೂರಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ.

ಇಂಚರ ಬಸ್‌ಸ್ಟ್ಯಾಂಡಿನ ಅಂಬುಜಾಳ ಮನೆಯಲ್ಲಿ ಉಳಿದುಕೊಂಡಿದ್ದಾಳೆ ಎಂದು ತಿಳಿಯಿತು. ಅಂಬುಜಾ ಇಡ್ಲಿ ಮಾರುವವಳು. ಅವಳೂ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳು. ಬೇರೆ ಊರಿನವಳಾದ್ದರಿಂದ ಅವಳು ಕಟ್ಟಿಸಿಕೊಂಡ ಮನೆಯ ಬಾಗಿಲು ಯಾರ್ಯಾರಿಗೋ ತೆರೆಯುತ್ತದೆ ಎಂದು ಊರವರು ನಗುತ್ತಿದ್ದರು. ಆ ಅಂಬುಜಾ ಒಂದು ದಿನ ಮಂಡಿಗೇ ಬಂದಳು. ಮಂಡಿಯ ಹಿಂದಿನ ಗೋದಾಮಿನ ಬೀಗದ ಕೈ ಇರುವುದು ನನ್ನ ಹತ್ತಿರ. "ಹಾಲಮ್ಮಾರೆ, ಭಾನುವಾರ ಗೋದಾಮು ಬೇಕು. ಸಾಹುಕಾರ್ರು ಒಪ್ಪವ್ರೆ. ಸಿನಿಮಾ ಹಬ್ಬ ಮಾಡ್ತಿದೀವಿ."

"ಎಂಥ ಸಿನಿಮಾ?"

"ಮಕ್ಕಳು ಮಾಡಿದ್ದು. ಹುಡುಗ್ರನ್ನ ಪ್ರೀತಿಸೋ ಹುಡುಗ್ರು, ಹುಡುಗೀರನ್ನ ಪ್ರೀತಿಸೋ ಹುಡುಗೀರು, ನನ್ನಂಥೋರು. ಎಲ್ಲಾರೂ ಎಳೇರು. ತಾವೇ ಬರೆದು, ತಾವೇ ತೆಗೆದವ್ರೆ. ಟೀ ಬಿಸ್ಕತ್ತು ನಮ್ದೇ."

"ಪುಕ್ಸಟ್ಟೆ ಟೀ ಯಾಕೆ ಕೊಡ್ತೀರಿ?"

ಅಂಬುಜಾ ನಕ್ಕಳು. "ಹಬ್ಬಕ್ಕೆ ಬಂದೋರ್ಗೆ ಟೀ ಕೊಡದೆ ಇರ್ತಾರೇನ್ರೀ?" ಅವಳ ಚೀಲದಲ್ಲಿ ಹೊಸ ಸ್ಟೀಲ್ ಡಬ್ಬಿಗಳಿದ್ದವು. ಸಿನಿಮಾ ಮಾಡಿದ ಒಬ್ಬೊಬ್ಬರಿಗೂ ಒಂದು, ಮುಚ್ಚಳದ ಮೇಲೆ ಹೆಸರು ಕೊರೆಸಿತ್ತು. ಮದುವೆಯಲ್ಲಿ, ನಾಮಕರಣದಲ್ಲಿ ಕೊಡುವಂಥವು. "ಹೆಸರು ಇಟ್ಕೊಂಡ್ರೆ ಸಾಲದು, ಪಾತ್ರೆ ಮೇಲೆ ಬರ್ಬೇಕು. ಆವಾಗ್ಲೇ ಅದು ಮನೆ ಹೆಸರು" ಎಂದಳು. ಎಲ್ಲಕ್ಕಿಂತ ಮೇಲಿನ ಡಬ್ಬಿಯ ಮೇಲೆ ಇಂಚರ ಎಂದು ಇತ್ತು. ಬೇಕೆಂದೇ ಮೇಲಿಟ್ಟಿದ್ದಾಳೆ ಎನ್ನಿಸಿತು. ಓದಿಯೂ ಓದದವಳ ಹಾಗೆ ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡೆ. "ನಾನೇ ಬಂದು ತೆಗೀತೀನಿ. ಕೈ ಯಾರ್ಗೂ ಕೊಡಲ್ಲ."

ಅವತ್ತು ಸಂಜೆ ತಿಪ್ಪೇರುದ್ರ, ಹೊಸಿಲಜ್ಜನಿಗೆ ಹೇಳಿ ಬಂದಿದ್ದೇನೆ, ಭಾನುವಾರ ಹೊತ್ತು ಮುಳುಗುವಾಗ ಬರುತ್ತಾನೆ ಅಂದ. "ಅದೇ ಭಾನುವಾರ ಯಾಕೆ?" ಎಂದು ಕೇಳಿದೆ. "ಯಾವತ್ತಾದ್ರೇನು, ತೊಳ್ದು ಮುಗಿಸಿಬಿಡಾಣ. ದಿನಾ ಸಾಯೋದಕ್ಕಿಂತ..." ಎಂದವನು ಎದ್ದು ಹೋಗಿ ಹಿತ್ತಲಲ್ಲಿ ಮಿಷಿನ್ನಿನ ಗಾಲಿ ತಿರುಗಿಸುತ್ತ ಕೂತ. ಅಳುತ್ತಿದ್ದ. ಗಂಡಸು ಅಳುವುದನ್ನೂ ನಾನು ಅನುಮಾನಿಸುತ್ತೇನೆ, ಆದರೆ ಅದು ನಿಜವಾದ ಅಳುವೇ ಆಗಿತ್ತು. ಬಾಗಿಲು ನಿಜವಾಗಿ ಒಲ್ಲೆ ಅಂದಿದ್ದರೆ ನೀರು ಸುರಿಯುತ್ತೇನೆ, ಆದರೆ ಸುರಿಯುವ ಮೊದಲು ಒಂದು ಸಲ ಅವಳ ಮುಖ ನೋಡುತ್ತೇನೆ ಎಂದು ನಿಶ್ಚಯ ಮಾಡಿದೆ.

ಭಾನುವಾರ ಬೆಳಗ್ಗೆ ಗೋದಾಮು ತೆಗೆದೆ. ಹುಣಸೆಯ ವಾಸನೆಗೆ ಬಂದವರ ಬಾಯಲ್ಲೆಲ್ಲ ನೀರೂರುತ್ತಿತ್ತು. ಕುರ್ಚಿಗಳು ಸೀರೆಗೆ, ಪ್ಯಾಂಟಿಗೆ ಅಂಟುತ್ತಿದ್ದವು. ಗವಾಕ್ಷಿಗಳಿಗೆ ಗೋಣಿ ಬಡಿದು ಕತ್ತಲು ಮಾಡಿದರು, ಬಿಳಿ ಪಂಚೆಗಳನ್ನು ಜೋಡಿಸಿ ಹೊಲಿದು ಪರದೆ ಕಟ್ಟಿದರು. ನಾನು ಪರದೆಯ ಹಿಂದೆ ಹೋಗಿ ನೋಡಿದೆ, ಏನೂ ಇರಲಿಲ್ಲ. ಟೀ ಕುಡಿದು ನೋಡಿದೆ, ಚೆನ್ನಾಗಿಯೇ ಇತ್ತು. ಬಂದವರನ್ನೂ ನೋಡಿದೆ. ತಮಾಷೆ ನೋಡಲು ಬಂದ ಬೀದಿಯವರು ಬಾಗಿಲ ಹತ್ತಿರ ನಿಂತಿದ್ದರು, ಬೇಕಾದರೆ ಬೇಗ ಓಡಬಹುದು ಎಂದು. ಮುಂದಿನ ಸಾಲಿನಲ್ಲಿ ಬೆನ್ನು ತಿರುಗಿಸಿ ಕೂತವಳ ಜಡೆಯಲ್ಲಿ ಕನಕಾಂಬರ ಇತ್ತು. ಆ ಬೆನ್ನನ್ನು ನಾನು ಎಣ್ಣೆ ಹಚ್ಚಿ ತಿಕ್ಕಿ ಬೆಳೆಸಿದ್ದೆ. ಅದು ನನಗೆ ಯಾವ ಬಟ್ಟೆಯಲ್ಲಿದ್ದರೂ ಗೊತ್ತಾಗುತ್ತದೆ.

ಒಂದು ಸಿನಿಮಾದಲ್ಲಿ ಹುಡುಗಿಯಾಗಿ ಬೆಳೆದ ಹುಡುಗನೊಬ್ಬ ಮೊದಲನೆಯ ಸಲ ಗಡ್ಡ ಕೆರೆದುಕೊಳ್ಳುತ್ತಿದ್ದ. ಅವನಜ್ಜಿ ಸೋಪಿನ ಬಟ್ಟಲು ಹಿಡಿದು, "ಅಲ್ಲೇನೈತೆ ಅಂತ ಕೆರೀತೀಯೋ" ಎಂದು ಗದರುತ್ತಿದ್ದಳು. ಎಲ್ಲರೂ ನಕ್ಕರು, ಬಾಗಿಲ ಹತ್ತಿರದವರೂ ನಕ್ಕರು. ನಾನು ತುಟಿ ಬಿಗಿಹಿಡಿದೆ. ಇನ್ನೊಂದರಲ್ಲಿ ಇಬ್ಬರು ಹುಡುಗಿಯರು ಒಂದೇ ಕೊಡೆಯಲ್ಲಿ ಸಂತೆಗೆ ಹೋಗಿ ಬರುವುದು, ಅಷ್ಟೆ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ, ಆದರೂ ಕೊಡೆ ಮಡಿಸಲಿಲ್ಲ. ಯಾಕೆ ಎಂದು ನನಗೆ ಆಮೇಲೆ ಹೊಳೆಯಿತು. ಪ್ರತಿ ಸಿನಿಮಾ ಮುಗಿದಾಗಲೂ ಅಂಬುಜಾ ಮಾಡಿದವರನ್ನು ಕರೆದು, ಡಬ್ಬಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಕೈಗೆ ಕೊಡುತ್ತಿದ್ದಳು. ಆ ಮಕ್ಕಳು ಡಬ್ಬಿಯನ್ನು ಎದೆಗೊತ್ತಿಕೊಂಡು ಹೋಗಿ ಕೂರುತ್ತಿದ್ದರು, ಯಾರಾದರೂ ಕಿತ್ತುಕೊಂಡಾರು ಎನ್ನುವ ಹಾಗೆ.

ಆಮೇಲೆ ಪರದೆಯ ಮೇಲೆ ನಮ್ಮ ಮನೆ ಬಂತು. ಎದುರಿನ ಬೇವಿನ ಮರದ ಬುಡದಿಂದ ತೆಗೆದದ್ದು, ಬಾಗಿಲು ಪರದೆಯ ತುಂಬ ಇತ್ತು, ಕ್ಯಾಮೆರಾ ಅಲುಗುತ್ತಲೇ ಇರಲಿಲ್ಲ. ಇಂಚರ ಬಸ್ಸಿನ ಬ್ಯಾಗು ಹಿಡಿದು ನಡೆದು ಬಂದಳು. ಹಸಿರು ಸೀರೆ, ನೆರಿಗೆ ಸರಿಯಾಗಿ ಕೂತಿರಲಿಲ್ಲ. ಅವಳು ಮೆಟ್ಟಿಲು ತಲುಪುವ ಮೊದಲೇ ಎಡಗಡೆಯ ಕದ ತೆರೆಯಿತು. ನಿಂತಿತು. ಬಲಗಡೆಯದು ತೆರೆಯಿತು. ನಾನು ಎದ್ದು ನಿಂತೆ. ದಾರ ಕಟ್ಟಿ ಎಳೆದಿದ್ದಾರೆ ಎಂದು ಬಾಯಿವರೆಗೆ ಬಂದಿತ್ತು. ಆದರೆ ದಾರ ಕಟ್ಟಿ ಎಳೆದ ಕದ ಆ ಒಂದು ಉಸಿರು ಹಾಗೆ ಯೋಚಿಸುತ್ತ ನಿಲ್ಲುತ್ತದೆಯೇ? ಅದು ನಮ್ಮ ಬಾಗಿಲಿನದೇ ನಡೆ. ಅಷ್ಟರಲ್ಲಿ ಒಳಗಿನಿಂದ ಒಂದು ಕೈ ಬಂದು ಎರಡೂ ಕದಗಳನ್ನು ಎಳೆದುಕೊಂಡಿತು. ತೋರುಬೆರಳಿನ ಉಗುರು ಅರ್ಧ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಮಿಷಿನ್ನಿನ ಸೂಜಿ ಹಾರಿಸಿದ ಉಗುರು ಅದು, ನಾನೇ ಅರಿಶಿನ ಮೆತ್ತಿ ಕಟ್ಟಿದ್ದೆ. ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು. ತುಕ್ಕು ಹಿಡಿದ ಅಗುಳಿಯ ಕರ್ಕಶ ಸದ್ದು. ಮೊದಲನೆಯ ಸಲಕ್ಕೆ ಅದಕ್ಕಿನ್ನೂ ಎಣ್ಣೆ ಬಿದ್ದಿರಲಿಲ್ಲ.

ಸಿನಿಮಾ ಅಲ್ಲಿಗೆ ಮುಗಿಯಲಿಲ್ಲ. ಇಂಚರ ಮೆಟ್ಟಿಲ ಮೇಲೆ ಕೂತಳು. ಬಾಗಿಲು ಅಲುಗತೊಡಗಿತು. ಗಾಳಿ ಇರಲಿಲ್ಲ, ಬೇವಿನ ಎಲೆಗಳು ಸುಮ್ಮನಿದ್ದವು. ಬಾಗಿಲು ಮಾತ್ರ ಅಗುಳಿಗೆ ಬಡಿದುಕೊಳ್ಳುತ್ತ, ತೆರೆಯಲು ನೋಡುತ್ತ, ಸೋತು ನಿಲ್ಲುತ್ತ, ಮತ್ತೆ ಬಡಿದುಕೊಳ್ಳುತ್ತ ಇತ್ತು. ಅವಳು ಎದ್ದು ಹೋಗುವವರೆಗೂ ಅದು ಬಿಡಲಿಲ್ಲ. ಅಷ್ಟೇ ಸಿನಿಮಾ. ಅಂಬುಜಾ "ಇಂಚರ" ಎಂದು ಓದಿ ಡಬ್ಬಿ ಕೊಟ್ಟಳು, ಚಪ್ಪಾಳೆ ಹೊಡೆಯಲು ಊರವರಿಗೆ ಕೈ ಏಳಲಿಲ್ಲ. ಆಮೇಲೆ ಆ ಗಡ್ಡದ ಹುಡುಗ ಹೊಡೆದ, ಅವನ ಹಿಂದೆ ಉಳಿದ ಮಕ್ಕಳು ಹೊಡೆದರು.

ನಾನು ನೇರ ಅವಳ ಹತ್ತಿರ ಹೋದೆ. "ದಾರ ಕಟ್ಟಿದ್ರೇನೇ?" ಎಂದೆ. ಕೇಳಬಾರದಿತ್ತು, ಆದರೆ ನನ್ನ ನಾಲಗೆಗೆ ಬೇರೆ ಮಾತು ಬರಲಿಲ್ಲ. ಅವಳು ನನ್ನನ್ನೇ ನೋಡಿದಳು. ಕಣ್ಣಿಗೆ ಕಾಡಿಗೆ, ಕಣ್ಣು ಮಾತ್ರ ಅವೇ. "ಇಲ್ಲಮ್ಮ. ಬೇಕಾದ್ರೆ ಬಂದು ನೋಡು."

"ನಾನಿಲ್ದಾಗ್ಲೇ ಯಾಕೆ ಬಂದೆ?"

"ಅಪ್ಪ ಫೋನಲ್ಲಿ ಹೇಳಿದ್ರು, ಅಮ್ಮ ನೋಡಿದ್ರೆ ಉಪವಾಸ ಬಿದ್ದು ಸಾಯ್ತಾಳೆ, ಅವಳಿಲ್ದಾಗ ಬಾ ಅಂತ." ನಾನು ಉಪವಾಸ ಬೀಳುವವಳೇ? ನನಗೆ ಬಂದ ಸಿಟ್ಟಿಗೆ ಗೋದಾಮಿನ ಬೀಗದ ಕೈಯನ್ನು ಅಂಬುಜಾಳ ಕೈಗೆ ಹಾಕಿ, "ನೀವೇ ಹಾಕ್ಕೊಳ್ರಿ" ಎಂದು ಮಗಳ ಕೈ ಹಿಡಿದು ಹೊರಟೆ. ಹಿಂದೆ ಆ ಮಕ್ಕಳೂ ಬಂದರು, ಬೀದಿಯವರೂ ಬಂದರು. ಟೀ ಲೋಟ ಕೈಯಲ್ಲಿದ್ದವರು ಲೋಟ ಹಿಡಿದುಕೊಂಡೇ ಬಂದರು.

ಹಬ್ಬ ಮುಗಿಯುವುದಕ್ಕೆ ಸಂಜೆಯೇ ಆಗಿತ್ತು. ಹೊಸಿಲಜ್ಜ ನಮ್ಮ ಮೆಟ್ಟಿಲ ಕೆಳಗೆ ಅರಿಶಿನದ ನೀರಿನ ಬಿಂದಿಗೆ ಇಟ್ಟುಕೊಂಡು ಕೂತಿದ್ದ. ಬಾಗಿಲು ಹಾಕಿತ್ತು. ಕಿಟಕಿಯಲ್ಲಿ ತಿಪ್ಪೇರುದ್ರನ ಮುಖ ಕಾಣಿಸಿ ಮಾಯವಾಯಿತು. "ಎಲ್ಲಿದ್ದೆ ಹಾಲಮ್ಮ? ಬಾ, ನೀರು ಹಾಕು" ಎಂದು ಅಜ್ಜ ಬಿಂದಿಗೆ ಎತ್ತಿಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ. ಮಗಳ ಕೈ ಬಿಟ್ಟು, "ನೀನು ಇಲ್ಲೇ ನಿಲ್ಲು" ಎಂದು ಹೇಳಿ ಒಬ್ಬಳೇ ಮೆಟ್ಟಿಲು ಹತ್ತಿದೆ.

ಬಾಗಿಲು ನನಗೆ ತೆರೆಯಲಿಲ್ಲ.

ಹಿಂದೆ ಗುಸುಗುಸು ಎದ್ದಿತು. "ಹಾಲಮ್ಮಂಗೂ ತೆರೀಲಿಲ್ಲ, ನೋಡ್ರಿ." ಅಜ್ಜ ಬಿಂದಿಗೆ ಕೆಳಗಿಟ್ಟ. ಇಷ್ಟು ವರ್ಷ ಬಾಳಿದ ಮನೆ ನನ್ನನ್ನೂ ಒಲ್ಲೆ ಅಂದಿತೇ ಎಂದು ಒಂದು ಗಳಿಗೆ ಅನುಮಾನವಾಯಿತು. ಆಮೇಲೆ ಅಂಗೈಯನ್ನು ಕದದ ಮೇಲಿಟ್ಟೆ. ಮರ ಅದುರುತ್ತಿತ್ತು. ಎಡಗಡೆಯದು ಮೊದಲು, ಆಮೇಲೆ ಬಲಗಡೆಯದು, ಅಗುಳಿಗೆ ಬಡಿದುಕೊಳ್ಳುತ್ತಿತ್ತು. ಇಂಚರ ನನ್ನ ಮಾತು ಕೇಳದೆ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ನಿಂತಳು. ಬಡಿತ ಇನ್ನೂ ಜೋರಾಯಿತು, ಚೌಕಟ್ಟಿನಿಂದ ಸುಣ್ಣ ಉದುರಿ ಅವಳ ಡಬ್ಬಿಯ ಮೇಲೆ ಬಿತ್ತು. ಬೀದಿಯವರೆಲ್ಲ ನೋಡಿದರು. ಗುಸುಗುಸು ನಿಂತಿತು.

"ತಿಪ್ಪೇರುದ್ರ," ಎಂದೆ. ಅಷ್ಟು ಜನರ ಮುಂದೆ ಗಂಡನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಅಗುಳಿ ತೆಗಿ. ಬಾಗಿಲಿಗೆ ನೋವಾಗ್ತೈತೆ."

ಒಳಗಿನಿಂದ ಅವನ ಧ್ವನಿ ಬಂತು, ಕದಕ್ಕೆ ಹಣೆ ಹಚ್ಚಿಕೊಂಡೇ ಮಾತಾಡುತ್ತಿದ್ದ. "ತೆರೀತು ಅಂದಿದ್ರೆ ಊರೆಲ್ಲ ನನ್ನ ಕೇಳ್ತಿತ್ತು ಹಾಲಮ್ಮ. ಏನಂತ ಹೇಳ್ಲಿ ನಾನು? ತೆರೀಲಿಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ. ಬಾಗಿಲು ಮಾಡಿದ್ದು ಅಂತಾರೆ."

"ನಾನು ಕೇಳ್ತಿದೀನಿ. ತೆಗಿ."

ಅಗುಳಿ ಈ ಸಲ ಸದ್ದಿಲ್ಲದೆ ಸರಿಯಿತು, ಎಣ್ಣೆ ಚೆನ್ನಾಗಿಯೇ ಬಿಟ್ಟಿದ್ದ. ಎಡಗಡೆಯ ಕದ ತೆರೆಯಿತು, ಆದರೆ ಆ ಒಂದು ಉಸಿರು ನಿಲ್ಲಲಿಲ್ಲ, ಎರಡೂ ಒಟ್ಟಿಗೇ ಹೋಗಿ ಗೋಡೆಗೆ ಬಡಿದವು. ಇಂಚರ ಬಲಗಾಲಿಟ್ಟು ಒಳಗೆ ಹೋದಳು, ಅವಳ ಹಿಂದೆ ನಾನು. ತಿಪ್ಪೇರುದ್ರ ಗೋಡೆಗೆ ಒರಗಿ ನಿಂತಿದ್ದವನು ನಮ್ಮಿಬ್ಬರ ಮುಖವನ್ನೂ ನೋಡಲಾರದೆ ಹೊರಗೆ ನಡೆದುಬಿಟ್ಟ.

ಹೊಸಿಲಜ್ಜ ಮೆಟ್ಟಿಲು ಹತ್ತಿ ಬಂದು ಅಗುಳಿಯನ್ನು ಬೆರಳಿನಿಂದ ಸವರಿದ, ಮೂಸಿದ. "ಎಷ್ಟು ಮನೆ ಹೊಸಿಲು ತೊಳ್ಸಿದೀನೋ ತಾಯಿ ನಾನು. ಒಂದ್ರಲ್ಲೂ ಇದನ್ನ ಮುಟ್ಟಿ ನೋಡ್ಲಿಲ್ವಲ್ಲ" ಎಂದ. ಬಿಂದಿಗೆಯ ನೀರನ್ನು ಬೇವಿನ ಮರದ ಬುಡಕ್ಕೆ ಚೆಲ್ಲಿ ಹೋದ. ಆ ವಾರ ಊರಿನ ಹೆಂಗಸರೆಲ್ಲ ತಮ್ಮ ಮನೆಯ ಅಗುಳಿ ಮೂಸಿ ನೋಡಿದರಂತೆ. ಕೆಲವು ಮನೆಗಳಲ್ಲಿ ಜಗಳವಾಯಿತು. ಒಬ್ಬ ಮುದುಕಿ ಮಂಡಿಗೆ ಬಂದು ನನ್ನ ಮುಂದೆ ಕೂತು, ಹಿಂದೊಮ್ಮೆ ಹೊಸಿಲು ತೊಳೆಸಿ ಹೊರಗೆ ಹಾಕಿದ ತನ್ನ ತಂಗಿಯ ಹೆಸರು ಹೇಳಿ ಎದ್ದು ಹೋದಳು.

ಆ ಭಾನುವಾರ ರಾತ್ರಿಯೇ ನಾನು ತಿಪ್ಪೇರುದ್ರನ ಸಾಮಾನಿನ ಪೆಟ್ಟಿಗೆಯಿಂದ ತಿರುಪುಳಿ ತಂದು ಅಗುಳಿಯನ್ನು ಬಿಚ್ಚಿದೆ. ಇಂಚರ ದೀಪ ಹಿಡಿದಳು. ತಿರುಪು ಇದ್ದ ತೂತುಗಳಿಗೆ ಹುಣಸೆಬೀಜದ ಅಂಟು ಮೆತ್ತಿದೆ. ಅವಳ ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿ ಅತ್ತೆಯ ಚೊಂಬಿನ ಪಕ್ಕ, ಹೆಸರು ಮುಂದೆ ಬರುವಂತೆ ಇಟ್ಟೆ. "ನೆರಿಗೆ ಹಿಡಿಯೋಕೆ ಯಾರು ಕಲಿಸಿದ್ದು ನಿಂಗೆ? ಹಂಗಲ್ಲ" ಎಂದು ಗದರಿದೆ. ಅವಳು ಅತ್ತಳು, ನಾನೂ ಅತ್ತೆ. ನಮ್ಮ ಅಳು ನಿಜವೇ ಎಂದು ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

ತಿಪ್ಪೇರುದ್ರ ಎಲ್ಲಿಗೂ ಹೋಗಿರಲಿಲ್ಲ. ಬೇವಿನ ಮರದ ಕೆಳಗೆ, ಅವಳ ಕ್ಯಾಮೆರಾ ಇದ್ದ ಜಾಗದಲ್ಲೇ ಕೂತು ನಮ್ಮ ಮನೆಯನ್ನು ನೋಡುತ್ತಿದ್ದ. ನಾನು ಹೋಗಿ ಅವನ ಮುಖದ ಮೇಲೇ ಬಾಗಿಲು ಹಾಕಿದೆ, ಬೇಕೆಂದೇ. ಒಳಗೆ ನಿಂತು ಕಾದೆ. ಬಹಳ ಹೊತ್ತಾದ ಮೇಲೆ ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು ಕೇಳಿಸಿತು, ಬರಲೋ ಬೇಡವೋ ಎನ್ನುವ ಸದ್ದು. ಎಡಗಡೆಯ ಕದ ತೆರೆಯಿತು, ಒಂದು ಉಸಿರು ನಿಂತಿತು, ಬಲಗಡೆಯದೂ ತೆರೆಯಿತು. ನಾನಾಗಿದ್ದರೆ ತೆರೆಯುತ್ತಿರಲಿಲ್ಲ.